‘ಅವರು’ ಯಾವಾಗ ‘ಅವಳು’ ಆಗುತ್ತಾರೆ?

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಕೆಲವೇ ದಿನಗಳಲ್ಲಿ ಎಲ್ಲರ ಫೋನಿಗೂ ಮೀಮುಗಳು ಬಂದು ಬೀಳತೊಡಗಿದವು. ಸೀಟಿಗಾಗಿ ಜಡೆ ಜಗಳ, ಕಿಟಕಿಯಲ್ಲಿ ತೂರುವ ಹೆಂಗಸು, ಮನೆಯಲ್ಲಿ ಸೌಟು ಹಿಡಿದು ನಿಂತ ಗಂಡ. ಸಿಗಂದೂರಿಗೆ ಹೊರಟವರು, ಧರ್ಮಸ್ಥಳಕ್ಕೆ ಹೊರಟವರು, ತವರಿಗೆ ಹೊರಟವರು, ಯಾರನ್ನೂ ಬಿಡಲಿಲ್ಲ.

ಯೋಜನೆಯನ್ನು ಟೀಕಿಸಬಾರದು ಅಂತಲ್ಲ. ಮಲೆನಾಡಿನಲ್ಲಿ ಸರ್ಕಾರಿ ಬಸ್ಸೇ ಕಡಿಮೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಒಳಗಿನ ಎಷ್ಟೋ ಊರುಗಳಿಗೆ ಇವತ್ತಿಗೂ ಖಾಸಗಿ ಬಸ್ಸೇ ಗತಿ. ಸರ್ಕಾರಿ ಬಸ್ಸೇ ಬಾರದ ಊರಿನ ಹೆಂಗಸಿಗೆ ಇದರಿಂದ ಏನು ಸಿಕ್ಕಿತು ಅನ್ನುವುದು ನ್ಯಾಯವಾದ ಪ್ರಶ್ನೆ. ಆದರೆ ನನ್ನ ಕಣ್ಣಿಗೆ ಬಿದ್ದ ಪೋಸ್ಟುಗಳಲ್ಲಿ ಈ ಪ್ರಶ್ನೆ ಅಪರೂಪ. ಜಾಸ್ತಿ ಇದ್ದದ್ದು ‘ಇವಳುಗಳಿಗೆ ಮನೇಲಿ ಕೆಲಸ ಇಲ್ವಾ’ ಅನ್ನುವ ಧಾಟಿ. ಯೋಜನೆ ತಂದಿದ್ದು ಸರ್ಕಾರ. ಬೈಸಿಕೊಂಡಿದ್ದು ಬಸ್ ಹತ್ತಿದ ಹೆಂಗಸು.

ಸೋಶಿಯಲ್ ಮೀಡಿಯಾದಲ್ಲಿ ಹೆಣ್ಣುಮಕ್ಕಳನ್ನು ಕೀಳಾಗಿ ಕಾಣುತ್ತಾರೆ ಅಂದ ಕೂಡಲೇ ನಮಗೆ ನೆನಪಾಗುವುದು ಹೊಲಸು ಬೈಗುಳ. ಬೈಗುಳ ಇಲ್ಲದಿದ್ದರೆ ಏನೂ ಆಗಿಲ್ಲ ಅಂದುಕೊಳ್ಳುತ್ತೇವೆ. ನನ್ನ ಪ್ರಕಾರ ಬೈಗುಳ ಬರುವುದು ಕೊನೆಗೆ. ಅಷ್ಟು ಹೊತ್ತಿಗೆ ಎರಡು ಕೆಲಸ ಮುಗಿದಿರುತ್ತವೆ. ಒಂದು, ಆಕೆಯ ಬಗ್ಗೆ ಮಾತಾಡುವ ವ್ಯಾಕರಣ ಬದಲಾಗಿರುತ್ತದೆ. ಇನ್ನೊಂದು, ಮಾತಿನ ವಿಷಯವೇ ಬದಲಾಗಿರುತ್ತದೆ. ಇವೆರಡನ್ನೂ ಫೇಸ್‌ಬುಕ್ಕಿನಲ್ಲಿ ಬೈಗುಳ ಸೋಸುವ ಯಂತ್ರ ಹಿಡಿಯುವುದಿಲ್ಲ. ಕಾನೂನೂ ಹಿಡಿಯುವುದಿಲ್ಲ. ಅದಕ್ಕೇ ಇವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಮೊದಲು ವ್ಯಾಕರಣ. ಕನ್ನಡದಲ್ಲಿ ಮರ್ಯಾದೆ ಇರುವುದು ಕ್ರಿಯಾಪದದ ಕೊನೆಯಲ್ಲಿ. ಬಂದ, ಬಂದಳು, ಬಂತು, ಬಂದರು. ‘ಬಂದರು’ ಅಂದಾಗ ಬಂದವರು ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. ಡಾಕ್ಟರು ಬಂದರು, ತಹಶೀಲ್ದಾರರು ಬಂದರು, ಪಿಡಿಒ ಬಂದರು. ಮರ್ಯಾದೆ ಕೊಟ್ಟು ಮಾತಾಡಿದಾಗ ಲಿಂಗ ಹಿಂದೆ ಸರಿಯುತ್ತದೆ, ಅವರ ಕೆಲಸ ಮುಂದೆ ಬರುತ್ತದೆ. ಮರ್ಯಾದೆ ತೆಗೆದ ಕ್ಷಣ ಲಿಂಗ ಎದುರಿಗೆ ಬಂದು ನಿಲ್ಲುತ್ತದೆ. ನಿನ್ನೆ ‘ತಹಶೀಲ್ದಾರರು ಬಂದರು’ ಅಂದವನೇ ಇವತ್ತು ಸಿಟ್ಟಿನಲ್ಲಿ ‘ಬಂದ್ಲು ನೋಡು’ ಅಂತ ಬರೆಯುತ್ತಾನೆ. ಅಲ್ಲಿಗೆ ಹುದ್ದೆ ಹೋಯಿತು. ಹೆಣ್ಣು ಅನ್ನುವುದೊಂದೇ ಉಳಿಯಿತು.

ಗಂಡಸರಿಗೂ ಏಕವಚನ ಬೀಳಲ್ವಾ ಅಂತ ಕೇಳಬಹುದು. ಬೀಳುತ್ತದೆ. ರಾಜಕಾರಣಿಗಳಿಗಂತೂ ದಿನವೂ ಬೀಳುತ್ತದೆ. ಆದರೆ ಏಕವಚನದ ಹಿಂದೆ ಏನು ಬರುತ್ತದೆ ಅಂತ ನೋಡಿ. ‘ಅವನು ದುಡ್ಡು ಹೊಡೆದ’, ‘ಅವನು ಮಾತಿಗೆ ತಪ್ಪಿದ.’ ಬೈಗುಳ ಇದ್ದರೂ ಅವನು ಮಾಡಿದ ಕೆಲಸದ ಸುತ್ತವೇ ಇರುತ್ತದೆ. ‘ಅವಳು’ ಅಂತ ಶುರುವಾದ ವಾಕ್ಯ ಹೆಚ್ಚಾಗಿ ‘ಎಂಥವಳು ಗೊತ್ತಲ್ಲ’ ಅಂತ ಮುಗಿಯುತ್ತದೆ. ಅಭಿಮಾನದ ಏಕವಚನವೂ ಇದೆ. ನೆಚ್ಚಿನ ಕ್ರಿಕೆಟಿಗನನ್ನು ‘ಏನ್ ಆಡ್ದ ಮಾರಾಯ’ ಅನ್ನುತ್ತೇವೆ, ಅದರಲ್ಲಿ ಪ್ರೀತಿ ಇದೆ. ಗುರುತಿಲ್ಲದ ಹೆಣ್ಣುಮಗಳಿಗೆ ಬೀಳುವ ಏಕವಚನದಲ್ಲಿ ಆ ಪ್ರೀತಿ ಕಾಣುವುದು ಕಮ್ಮಿ. ಪತ್ರಿಕೆಗಳು ‘ಆಕೆ’ ಅಂತ ನಡುವಿನ ದಾರಿ ಹಿಡಿಯುತ್ತವೆ. ಅದು ಒರಟಲ್ಲ, ಆದರೆ ‘ಅವರು’ ಕೊಡುವ ಜಾಗವನ್ನು ಪೂರ್ತಿ ಕೊಡುವುದೂ ಇಲ್ಲ. ಒಂದೇ ಸುದ್ದಿಯಲ್ಲಿ ಅಧಿಕಾರಿ ಗಂಡಸಾದರೆ ‘ಅವರು ತಿಳಿಸಿದರು’, ಹೆಂಗಸಾದರೆ ‘ಆಕೆ ತಿಳಿಸಿದಳು’ ಅಂತ ಬರೆಯುವುದನ್ನು ಇನ್ನಾದರೂ ಬಿಡಬೇಕು.

ಹಾಗಂತ ಪದವೇ ತಪ್ಪಿತಸ್ಥ ಅನ್ನುವುದಕ್ಕೂ ಆಗುವುದಿಲ್ಲ. ಇದಕ್ಕೆ ನಮ್ಮ ಸಾಗರ, ಹೊಸನಗರದ ಕಡೆಯ ಹವ್ಯಕರ ಮನೆಮಾತೇ ಸಾಕ್ಷಿ. ಅಲ್ಲಿ ಹುಡುಗ ಮಾಣಿ, ಹುಡುಗಿ ಕೂಸು. ಮಾಣಿ ‘ಬಂದ’, ಕೂಸು ‘ಬಂತು.’ ಕೂಸು ಮಾತ್ರ ಅಲ್ಲ, ಅಮ್ಮನೂ ‘ಬಂತು’, ಅತ್ತಿಗೆಯೂ ‘ಬಂತು.’ ಪುಸ್ತಕದ ವ್ಯಾಕರಣದ ಪ್ರಕಾರ ಇದು ನಪುಂಸಕಲಿಂಗ, ಕಲ್ಲು ಮರಕ್ಕೆ ಹೇಳುವ ರೂಪ. ಆದರೆ ಆ ಮನೆಯಲ್ಲಿ ಅದರಲ್ಲಿ ತಾತ್ಸಾರ ಇಲ್ಲ. ಅಡಿಕೆ ಸುಲಿಯುತ್ತ ಕೂತ ಜಗುಲಿಯಲ್ಲಿ ‘ಅತ್ತಿಗೆ ಬಂತು, ಕಾಫಿ ಮಾಡು’ ಅಂದರೆ ಯಾರಿಗೂ ನೋವಾಗುವುದಿಲ್ಲ. ಮಲೆನಾಡಿನ ಬೇರೆ ಮನೆಗಳಲ್ಲೂ ಎಳೆಯ ಮಕ್ಕಳಿಗೆ ‘ಅದು’ ಅನ್ನುವುದು ಮುದ್ದಿಗೆ.

ಅದೇ ‘ಅದು’ ಫೇಸ್‌ಬುಕ್ಕಿಗೆ ಬರಲಿ. ಪರಿಚಯವೇ ಇಲ್ಲದ ಒಬ್ಬ ಹೆಣ್ಣುಮಗಳ ವಿಡಿಯೊ ಕೆಳಗೆ ‘ಅದು ಬಂತು ನೋಡು’ ಅಂತ ಯಾರೋ ಬರೆಯುತ್ತಾರೆ. ಮೂರೂ ಪದ ಶುದ್ಧ. ಒಂದೂ ಬೈಗುಳ ಅಲ್ಲ. ಆದರೂ ಓದಿದವರಿಗೆ ಚುಚ್ಚಿದ್ದು ಗೊತ್ತಾಗುತ್ತದೆ. ಅವಮಾನ ಇರುವುದು ಅಕ್ಷರದಲ್ಲಲ್ಲ. ಯಾರು, ಯಾರಿಗೆ, ಎಷ್ಟು ಜನರ ಎದುರು ಹೇಳಿದರು ಅನ್ನುವುದರಲ್ಲಿ. ಇದನ್ನು ನೆನಪಿಟ್ಟುಕೊಳ್ಳಿ, ಯಂತ್ರ ಸೋಲುವುದು ಇಲ್ಲೇ.

ಇನ್ನು ವಿಷಯ ಬದಲಾಗುವ ಬಗೆ. ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಕರ್ನಾಟಕದಲ್ಲಿ 1987ರ ಮಂಡಲ ಪಂಚಾಯ್ತಿ ಚುನಾವಣೆಯಲ್ಲೇ ಹೆಂಗಸರಿಗೆ ಶೇ 25ರಷ್ಟು ಮೀಸಲಾತಿ ಇತ್ತು. ಸಂವಿಧಾನದ 73ನೇ ತಿದ್ದುಪಡಿ ಬಂದ ಮೇಲೆ ಮೂರನೇ ಒಂದು ಭಾಗ ಆಯಿತು. 2010ರಲ್ಲಿ ಅರ್ಧಕ್ಕೆ ಏರಿತು. ಅಂದರೆ ಇವತ್ತು ಯಾವ ಗ್ರಾಮ ಪಂಚಾಯ್ತಿಗೆ ಹೋದರೂ ಅರ್ಧ ಕುರ್ಚಿ ಹೆಂಗಸರದ್ದು. ಗ್ರಾಮಸಭೆ ನಡೆಯುತ್ತಿದೆ. ಒಬ್ಬ ಸದಸ್ಯರು ಎದ್ದು ನಿಂತು, ಬೇಸಿಗೆಯಲ್ಲಿ ಮೇಲಿನ ಕೇರಿಗೆ ನೀರು ಬರುತ್ತಿಲ್ಲ, ಪೈಪು ಹಾಕಿದ ಗುತ್ತಿಗೆದಾರನ ಬಿಲ್ ತಡೆಹಿಡಿಯಿರಿ ಅನ್ನುತ್ತಾರೆ. ಯಾರೋ ವಿಡಿಯೊ ಮಾಡಿ ಹಾಕುತ್ತಾರೆ.

ಎದ್ದು ನಿಂತವರು ಗಂಡಸು ಅಂತಿಟ್ಟುಕೊಳ್ಳಿ. ‘ಸರಿಯಾಗಿ ಕೇಳಿದ್ರಿ ಸರ್’ ಅಂತ ಒಂದು ಕಾಮೆಂಟು. ‘ಎಲೆಕ್ಷನ್ ಹತ್ತಿರ ಬಂತು, ಈಗ ನೆನಪಾಯ್ತಾ’ ಅಂತ ಇನ್ನೊಂದು. ಎರಡನೆಯದು ಖಾರವಾಗಿದೆ. ಆದರೆ ಮಾತು ನೀರು ಮತ್ತು ರಾಜಕೀಯದ ಸುತ್ತಲೇ ಇದೆ.

ಎದ್ದು ನಿಂತವರು ಹೆಂಗಸಾದರೆ? ‘ಮೇಡಂ ಸೀರೆ ಸೂಪರ್’ ಅಂತ ಮೊದಲ ಕಾಮೆಂಟು. ಹೊಗಳಿಕೆಯೇ, ಆದರೆ ನೀರಿನ ಮಾತು ಅಲ್ಲೇ ಬಿದ್ದುಹೋಯಿತು. ‘ಯಾರು ಬರೆದುಕೊಟ್ಟರು ಭಾಷಣ?’ ಅಂತ ಎರಡನೆಯದು. ‘ಇವಳ ಗಂಡ ಏನ್ ಮಾಡ್ತಾನೆ?’ ಮೂರನೆಯದು. ‘ಮೊದಲು ಮನೆ ನೋಡ್ಕೊ.’ ಆಮೇಲೆ ಒಬ್ಬ ಯಾರ ಹೆಸರನ್ನೋ ಆಕೆಯ ಜೊತೆ ಸೇರಿಸುತ್ತಾನೆ, ಅದರ ಕೆಳಗೆ ನಗುವ ಎಮೋಜಿಗಳ ಸಾಲು. ವಿಷಯದಿಂದ ಸೀರೆಗೆ, ಸೀರೆಯಿಂದ ಗಂಡನಿಗೆ, ಗಂಡನಿಂದ ನಡತೆಗೆ. ಹತ್ತು ಕಾಮೆಂಟಿನೊಳಗೆ ಇಷ್ಟು ಇಳಿಯುತ್ತದೆ. ಮೇಲಿನ ಕೇರಿಯ ನೀರಿನ ಬಗ್ಗೆ ಯಾರೂ ಒಂದು ಸಾಲು ಬರೆದಿಲ್ಲ. ಗುತ್ತಿಗೆದಾರ ಆರಾಮಾಗಿದ್ದಾನೆ.

ಇದು ಬರೀ ಹಳ್ಳಿಯ ಕತೆಯಲ್ಲ. 2019ರ ಲೋಕಸಭಾ ಚುನಾವಣೆಯ ಸಮಯದಲ್ಲಿ ಭಾರತದ 95 ಮಹಿಳಾ ರಾಜಕಾರಣಿಗಳನ್ನು ಹೆಸರಿಸಿ ಬಂದ ಟ್ವೀಟುಗಳನ್ನು ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿ ಪರಿಶೀಲಿಸಿತು. 1,14,716 ಟ್ವೀಟುಗಳು. ಅವುಗಳಲ್ಲಿ ಶೇ 13.8ರಷ್ಟು ನಿಂದನೆಯವು ಅಥವಾ ಆಕ್ಷೇಪಾರ್ಹವಾದವು. ಹೆಚ್ಚೂಕಡಿಮೆ ಏಳರಲ್ಲಿ ಒಂದು. ದಿನವೂ ಫೋನ್ ತೆಗೆದಾಗ ತನ್ನ ಹೆಸರಿರುವ ಏಳರಲ್ಲಿ ಒಂದು ಮಾತು ಹೀಗಿದ್ದರೆ ಒಬ್ಬ ಮನುಷ್ಯೆ ಎಷ್ಟು ದಿನ ತಡೆದುಕೊಳ್ಳಬೇಕು?

ಈಗ ಬೈಗುಳಕ್ಕೆ ಬರೋಣ. ಕನ್ನಡದ ಬೈಗುಳಗಳಲ್ಲಿ ಹೆಂಗಸರಿಗೆ ಮಾತ್ರ ಮೀಸಲಾದವು ಎಷ್ಟೊಂದು ಅಲ್ವಾ? ಮುಂಡೆ ಅಂದರೆ ಗಂಡ ಸತ್ತವಳು. ಹೆಂಡತಿ ಸತ್ತ ಗಂಡಸಿಗೆ ಅಂಥ ಬೈಗುಳ ಇಲ್ಲ. ಅವನಿಗೆ ಇನ್ನೊಂದು ಹೆಣ್ಣು ನೋಡುತ್ತಾರೆ. ಜೋರಾಗಿ ಮಾತಾಡಿದರೆ ಬಜಾರಿ. ಧೈರ್ಯ ತೋರಿದರೆ ಗಂಡುಬೀರಿ. ಇನ್ನೂ ಬೇಸರದ ಸಂಗತಿ ಅಂದರೆ, ಗಂಡಸನ್ನು ಬೈಯಬೇಕಾದರೂ ಅವನ ತಾಯಿಯನ್ನು ಎಳೆದು ತರುತ್ತೇವೆ. ಇಬ್ಬರು ಗಂಡಸರು ಅಡಿಕೆ ರೇಟಿನ ಬಗ್ಗೆ ಕಿತ್ತಾಡಿದರೂ ಏಟು ಬೀಳುವುದು ಆ ಜಗಳದಲ್ಲಿ ಇಲ್ಲದ ಒಬ್ಬ ಹೆಂಗಸಿಗೆ. ಹೇಡಿ ಅನ್ನಬೇಕಾದರೆ ‘ಬಳೆ ತೊಟ್ಕೊ’ ಅನ್ನುತ್ತೇವೆ. ಬಳೆ ತೊಟ್ಟ ಕೈಗಳು ನಮ್ಮ ಗದ್ದೆ ನೆಟ್ಟು, ಅಡಿಕೆ ಸುಲಿದು, ಸೊಪ್ಪಿನ ಹೊರೆ ಹೊತ್ತು ದಣಿದಿವೆ.

ಗಾದೆಗಳದ್ದು ಬೇರೆಯೇ ದಾರಿ. ‘ಹೆಣ್ಣಿಗೆ ಹಠ ಇರಬಾರದು, ಗಂಡಿಗೆ ಚಟ ಇರಬಾರದು.’ ‘ನಗುವ ಹೆಂಗಸನ್ನ, ಅಳುವ ಗಂಡಸನ್ನ ನಂಬಬಾರದು.’ ಇವು ಗುಲಾಬಿ ಹೂವಿನ ಚಿತ್ರದ ಮೇಲೆ ಕೂತು ‘ಶುಭೋದಯ’ದ ಜೊತೆ ಬೆಳಗ್ಗೆ ಆರು ಗಂಟೆಗೇ ಬರುತ್ತವೆ. ಕಳಿಸಿದವರು ಕೆಟ್ಟವರಲ್ಲ. ‘ಹಿರಿಯರು ಹೇಳಿದ್ದು’ ಅನ್ನುತ್ತಾರೆ. ಗಾದೆಗೆ ಬರೆದವರ ಹೆಸರಿರುವುದಿಲ್ಲ, ಹಾಗಾಗಿ ಉತ್ತರ ಕೊಡಬೇಕಾದವರೂ ಇರುವುದಿಲ್ಲ. ಹಠ ಕೆಟ್ಟದ್ದಾದರೆ ಇಬ್ಬರಿಗೂ ಕೆಟ್ಟದ್ದು, ಚಟವೂ ಹಾಗೇ. ಇಷ್ಟನ್ನು ಗ್ರೂಪಿನಲ್ಲಿ ಒಬ್ಬರು ಬರೆದರೂ ಸಾಕು, ಮುಂದಿನ ಸಲ ಕಳಿಸುವ ಮೊದಲು ಬೆರಳು ಒಂದು ಕ್ಷಣ ತಡೆಯುತ್ತದೆ.

ಭಾಷೆ ಇಷ್ಟು ದೊಡ್ಡ ವಿಷಯವಾ ಅಂತ ಅನ್ನಿಸಿದರೆ ಸುಪ್ರೀಂ ಕೋರ್ಟ್ ಮಾಡಿದ್ದನ್ನು ನೋಡಿ. 2023ರ ಆಗಸ್ಟಿನಲ್ಲಿ, ಡಿ.ವೈ. ಚಂದ್ರಚೂಡ್ ಮುಖ್ಯ ನ್ಯಾಯಮೂರ್ತಿಯಾಗಿದ್ದಾಗ, ನ್ಯಾಯಾಧೀಶರಿಗಾಗಿಯೇ ಒಂದು ಕೈಪಿಡಿ ತಂದಿತು. ತೀರ್ಪುಗಳಲ್ಲಿ ಯಾವ ಪದ ಬಳಸಬಾರದು, ಬದಲಿಗೆ ಏನು ಬರೆಯಬೇಕು ಅಂತ ಪಟ್ಟಿ ಕೊಟ್ಟಿತು. ‘ಈವ್ ಟೀಸಿಂಗ್’ ಅನ್ನಬೇಡಿ, ಬೀದಿಯ ಲೈಂಗಿಕ ಕಿರುಕುಳ ಅನ್ನಿ. ‘ಹೌಸ್‌ವೈಫ್’ ಬೇಡ, ‘ಹೋಮ್‌ಮೇಕರ್’ ಅನ್ನಿ. ಪದ ತಪ್ಪಾದರೆ ನ್ಯಾಯವೂ ಓರೆಯಾಗಬಹುದು ಅಂತ ದೇಶದ ದೊಡ್ಡ ನ್ಯಾಯಾಲಯವೇ ಒಪ್ಪಿಕೊಂಡಿದೆ.

ಸರಿ, ಇಷ್ಟೆಲ್ಲ ನಡೆಯುವಾಗ ಕಂಪನಿಗಳ ಫಿಲ್ಟರ್ ಏನು ಮಾಡುತ್ತಿರುತ್ತದೆ? ಫಿಲ್ಟರ್ ಉದಾಹರಣೆಗಳನ್ನು ನೋಡಿ ಕಲಿಯುತ್ತದೆ. ಇಂಗ್ಲಿಷಿನಲ್ಲಿ ಅಂಥ ಉದಾಹರಣೆಗಳು ಲಕ್ಷಗಟ್ಟಲೆ ಇವೆ. ಕನ್ನಡದಲ್ಲಿ ಬಹಳ ಕಡಿಮೆ. 2020ರಲ್ಲಿ ಸಂಶೋಧಕರು ಯೂಟ್ಯೂಬಿನ ಕನ್ನಡ-ಇಂಗ್ಲಿಷ್ ಬೆರಕೆಯ 7,000ಕ್ಕೂ ಹೆಚ್ಚು ಕಾಮೆಂಟುಗಳಲ್ಲಿ ಯಾವುದು ನಿಂದನೆ, ಯಾವುದಲ್ಲ ಅಂತ ಗುರುತು ಹಾಕಿ ಒಂದು ಸಂಗ್ರಹ ಮಾಡಿದರು. ಒಳ್ಳೆಯ ಕೆಲಸ. ಆದರೆ ನಾವು ಬರೆಯುವ ಬಗೆಗಳಿಗೆ ಅದು ಎಲ್ಲಿ ಸಾಕಾಗಬೇಕು? ಒಬ್ಬರು ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ, ಇನ್ನೊಬ್ಬರು ಇಂಗ್ಲಿಷ್ ಅಕ್ಷರದಲ್ಲಿ. ಒಂದೇ ಬೈಗುಳಕ್ಕೆ ಹತ್ತು ಸ್ಪೆಲ್ಲಿಂಗು. ನಡುವೆ ಒಂದು ಚುಕ್ಕೆ ಇಟ್ಟರೆ ಯಂತ್ರಕ್ಕೆ ಅದು ಬೇರೆ ಪದ. ಇನ್ನು ‘ಅದು ಬಂತು ನೋಡು’ ಥರದ ಮಾತನ್ನು ಅದು ಹಿಡಿಯುವುದಾದರೂ ಹೇಗೆ? ಹಿಡಿಯಲು ಹೋದರೆ ಸಾಗರದ ಅಜ್ಜಿಯೊಬ್ಬರು ಮೊಮ್ಮಗಳ ಫೋಟೊ ಕೆಳಗೆ ‘ನಮ್ಮ ಕೂಸು ಬಂತು’ ಅಂತ ಬರೆದದ್ದೂ ಹೋಗುತ್ತದೆ.

ಇದರ ಮೇಲೆ ಕಾಮೆಂಟಿನ ಲೆಕ್ಕ. ಒಂದು ಪೋಸ್ಟಿಗೆ ಜನ ಎಷ್ಟು ಪ್ರತಿಕ್ರಿಯೆ ಕೊಡುತ್ತಾರೋ ಅಷ್ಟು ಹೆಚ್ಚು ಜನರಿಗೆ ಅದನ್ನು ತೋರಿಸುವಂತೆ ಈ ವ್ಯವಸ್ಥೆ ಕಟ್ಟಲಾಗಿದೆ. ಆಕೆಯ ಪರವಾಗಿ ಸಿಟ್ಟಿನಿಂದ ಬರೆದ ಕಾಮೆಂಟೂ ಲೆಕ್ಕಕ್ಕೆ ಸೇರುತ್ತದೆ. ಅದಕ್ಕೇ ಟ್ರೋಲ್ ಪೇಜಿನವರ ಜೊತೆ ಅಲ್ಲೇ ವಾದಕ್ಕೆ ನಿಲ್ಲುವುದಕ್ಕಿಂತ ರಿಪೋರ್ಟ್ ಮಾಡಿ, ಆಕೆಯ ಮೂಲ ಪೋಸ್ಟಿಗೆ ಹೋಗಿ ನೀರಿನ ಬಗ್ಗೆ ಎರಡು ಸಾಲು ಬರೆಯುವುದು ಮೇಲು.

ಸಣ್ಣ ಊರಿನಲ್ಲಿ ಇನ್ನೊಂದು ಕಷ್ಟ ಇದೆ. ಟ್ರೋಲ್ ಮಾಡುವವರು ಸುಳ್ಳು ಹೆಸರಿನ ಹಿಂದೆ ಅಡಗಿರುತ್ತಾರೆ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ತೀರ್ಥಹಳ್ಳಿಯಲ್ಲೋ ರಿಪ್ಪನ್‌ಪೇಟೆಯಲ್ಲೋ ಎಷ್ಟೋ ಸಲ ಹಾಗಿರುವುದಿಲ್ಲ. ಸ್ವಂತ ಹೆಸರು, ಮದುವೆ ಫೋಟೊ, ಮನೆ ಮುಂದಿನ ಕಾರು, ಎಲ್ಲ ಹಾಕಿಕೊಂಡೇ ಬರೆಯುತ್ತಾರೆ. ಬರೆದವನು ಗಂಡನ ಕ್ಲಾಸ್‌ಮೇಟ್ ಆಗಿರಬಹುದು. ಸೊಸೈಟಿಯಲ್ಲಿ, ಮದುವೆ ಮನೆಯಲ್ಲಿ, ಸಂತೆಯಲ್ಲಿ ನಾಳೆ ಎದುರಾಗುವವನು. ಬ್ಲಾಕ್ ಮಾಡಿದರೆ ಫೋನಿನಿಂದ ಹೋಗುತ್ತಾನೆ, ಊರಿನಿಂದ ಹೋಗುವುದಿಲ್ಲ. ‘ಯಾಕೆ ಬ್ಲಾಕ್ ಮಾಡಿದ್ರಿ’ ಅಂತ ಅವನೇ ಬಂದು ಕೇಳುತ್ತಾನೆ.

ಮನೆಯಲ್ಲಿ ಹೇಳಿದರೆ ಮೊದಲು ಬರುವ ಮಾತು ‘ನಿಂಗ್ಯಾಕೆ ಬೇಕಿತ್ತು?’ ಎರಡನೆಯದು ‘ಫೋನ್ ಕೊಡಿಲ್ಲಿ.’ ಕೊರೊನಾ ಕಾಲದಲ್ಲಿ ಆನ್‌ಲೈನ್ ಕ್ಲಾಸಿಗಾಗಿ ಗುಡ್ಡ ಹತ್ತಿ, ಕೊಡೆ ಹಿಡಿದು, ನೆಟ್‌ವರ್ಕ್ ಹುಡುಕಿಕೊಂಡು ಕೂತ ಹುಡುಗಿಯರು ನಮ್ಮವರು. ಟವರ್ ಬರದಿದ್ದರೆ ಓಟು ಹಾಕುವುದಿಲ್ಲ ಅಂತ ಬೋರ್ಡ್ ಹಾಕಿದ ಊರುಗಳು ನಮ್ಮವು. ಅಷ್ಟು ಕಷ್ಟಪಟ್ಟು ಕೈಗೆ ಬಂದ ಫೋನು ಯಾರದೋ ಕಾಮೆಂಟಿನಿಂದಾಗಿ ಹೋಗುವುದಾದರೆ ಯಾವ ಹುಡುಗಿ ತಾನೇ ಮನೆಯಲ್ಲಿ ಹೇಳುತ್ತಾಳೆ? ಸುಮ್ನೆ ಇದ್ದುಬಿಡುತ್ತಾಳೆ. ಡಿಪಿಗೆ ಡೇರೆ ಹೂವು ಹಾಕುತ್ತಾಳೆ. ನಮ್ಮ ಕಡೆಯ ಹೆಂಗಸರಿಗೆ ಡೇರೆ ಹೂವಿನ ಮೇಲೆ ಪ್ರೀತಿ ಇದೆ, ಆ ಪ್ರೀತಿಯಿಂದಲೇ ಹಾಕಿದವರೂ ಇದ್ದಾರೆ. ಮುಖ ತೋರಿಸಲು ಹೆದರಿ ಹಾಕಿದವರು ಎಷ್ಟೋ. ಎರಡನ್ನೂ ಹೊರಗಿನಿಂದ ನೋಡಿ ಬೇರೆ ಮಾಡಲಾಗುವುದಿಲ್ಲ.

ಕಾನೂನಿನ ಕತೆ ಏನು? ಬಹಳ ಜನ ಇನ್ನೂ ‘66ಎ ಹಾಕಿಸ್ತೀನಿ’ ಅನ್ನುತ್ತಾರೆ. ಆನ್‌ಲೈನಿನಲ್ಲಿ ಅವಹೇಳನದ ಸಂದೇಶ ಕಳಿಸುವುದನ್ನು ಅಪರಾಧ ಅನ್ನುತ್ತಿದ್ದ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ ಆ ಸೆಕ್ಷನ್ ಈಗ ಇಲ್ಲ. ಅದರ ಪದಗಳು ತೀರಾ ಅಸ್ಪಷ್ಟ, ಸರ್ಕಾರವನ್ನು ಟೀಕಿಸಿದವರ ಮೇಲೂ ಹಾಕಬಹುದಿತ್ತು. ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಅದು ಸರಿಯಾದ ತೀರ್ಪು. ಬರೀ ಏಕವಚನ ಬಳಸಿದ್ದಕ್ಕೆ ಪೊಲೀಸರು ಮನೆಗೆ ಬರುವ ಊರು ನಮಗೆ ಬೇಡ. ಆದರೆ ಉಳಿದ ಸೆಕ್ಷನ್‌ಗಳಿಗೆ ಹಲ್ಲಿದೆ. ಒಪ್ಪಿಗೆ ಇಲ್ಲದೆ ಖಾಸಗಿ ಅಂಗದ ಚಿತ್ರ ತೆಗೆದು ಹಂಚಿದರೆ 66ಇ, ಮೂರು ವರ್ಷದವರೆಗೆ ಜೈಲು. ಅಶ್ಲೀಲವಾದದ್ದನ್ನು ಹಾಕಿದರೆ 67, ಲೈಂಗಿಕ ಕ್ರಿಯೆಯ ದೃಶ್ಯವಾದರೆ 67ಎ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸೆಕ್ಷನ್ 78 ಹಿಂಬಾಲಿಸುವುದರ ಬಗ್ಗೆ. ಬೇಡ ಅಂದ ಮೇಲೂ ಮತ್ತೆ ಮತ್ತೆ ಮೆಸೇಜ್ ಮಾಡುವುದು, ಆಕೆ ಇಂಟರ್ನೆಟ್ಟಿನಲ್ಲಿ ಏನು ಮಾಡುತ್ತಾಳೆ ಅಂತ ಕಾವಲು ಕೂರುವುದು ಇದರೊಳಗೆ ಬರುತ್ತದೆ. ಸೆಕ್ಷನ್ 79 ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತು, ಸನ್ನೆಯ ಬಗ್ಗೆ. ಹಳೆಯ ಐಪಿಸಿಯ 509 ಇದೇ. ಬರೆದದ್ದು ‘ಆಡಿದ ಮಾತು’ ಆಗುವುದಿಲ್ಲ ಅಂತ ವಾದ ಮಾಡಿದವರಿದ್ದರು. 2024ರಲ್ಲಿ ಬಾಂಬೆ ಹೈಕೋರ್ಟ್ ಆ ವಾದ ಒಪ್ಪಲಿಲ್ಲ. ಇಮೇಲಿನಲ್ಲಿ ಬರೆದ ಮಾತಿಗೂ ಇದು ಅನ್ವಯಿಸುತ್ತದೆ ಅಂದಿತು.

ದೂರು ಕೊಡುವ ಮೊದಲು ಸಾಕ್ಷಿ ಉಳಿಸಿಕೊಳ್ಳಬೇಕು. ಸಿಟ್ಟಿಗೆ, ನಾಚಿಕೆಗೆ ಡಿಲೀಟ್ ಮಾಡಿಬಿಡಬೇಡಿ. ಸ್ಕ್ರೀನ್‌ಶಾಟಿನಲ್ಲಿ ದಿನಾಂಕ ಕಾಣಲಿ. ಪ್ರೊಫೈಲಿನ ಹೆಸರು ನಾಳೆ ಬದಲಾಗಬಹುದು, ಹಾಗಾಗಿ ಪೋಸ್ಟಿನದೂ ಪ್ರೊಫೈಲಿನದೂ ಲಿಂಕ್ ಕಾಪಿ ಮಾಡಿ ಬೇರೆ ಕಡೆ ಇಟ್ಟುಕೊಳ್ಳಿ. ಶಿವಮೊಗ್ಗದಲ್ಲಿ ಸೈಬರ್ ಅಪರಾಧ ನೋಡುವ ಸಿಇಎನ್ ಪೊಲೀಸ್ ಠಾಣೆ ಇದೆ. ಅಲ್ಲಿಗೇ ಹೋಗಬೇಕು ಅಂತಿಲ್ಲ. ‘ಇದು ನಮ್ಮ ವ್ಯಾಪ್ತಿಗೆ ಬರಲ್ಲ’ ಅಂತ ಯಾವ ಠಾಣೆಯೂ ವಾಪಸ್ ಕಳಿಸುವಂತಿಲ್ಲ, ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಅದನ್ನು ಸ್ಪಷ್ಟವಾಗಿ ಹೇಳಿದೆ. ಆನ್‌ಲೈನಿನಲ್ಲಾದರೆ ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್ ಇದೆ. ಹೆಂಗಸರು ಮಕ್ಕಳಿಗೆ ಸಂಬಂಧಿಸಿದ ದೂರನ್ನು ಅಲ್ಲಿ ಹೆಸರು ಹೇಳದೆಯೂ ಕೊಡಬಹುದು. ಮಹಿಳಾ ಸಹಾಯವಾಣಿ 181.

ಫೋಟೊ ತಿರುಚಿ ಹಾಕಿದ್ದರೆ, ಖಾಸಗಿ ಚಿತ್ರ ಹೊರಬಿದ್ದಿದ್ದರೆ, ಕಂಪನಿಗೆ ನೇರವಾಗಿ ದೂರು ಕೊಡಿ. 2021ರ ಐಟಿ ನಿಯಮಗಳು ಇಂಥದ್ದನ್ನು 24 ಗಂಟೆಯೊಳಗೆ ತೆಗೆಯಬೇಕು ಅಂತ ಗಡುವು ಹಾಕಿದ್ದವು, 2026ರಲ್ಲಿ ಅದನ್ನು 2 ಗಂಟೆಗೆ ಇಳಿಸಲಾಯಿತು. ಚಿತ್ರ ಇನ್ನೂ ಹೊರಬಂದಿಲ್ಲ, ಬೆದರಿಕೆ ಮಾತ್ರ ಇದೆ ಅಂದರೆ ‘ಸ್ಟಾಪ್ ಎನ್‌ಸಿಐಐ’ ಅನ್ನುವ ಉಚಿತ ಸೇವೆ ಇದೆ, 18 ವರ್ಷ ತುಂಬಿದವರಿಗೆ. ಇದು ಚಿತ್ರವನ್ನು ನಿಮ್ಮ ಫೋನಿನಲ್ಲೇ ಬಿಟ್ಟು, ಅದರ ಬೆರಳಚ್ಚಿನಂಥ ಒಂದು ಸಂಕೇತವನ್ನು ಮಾತ್ರ ತೆಗೆದುಕೊಳ್ಳುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮಿನಂಥ ಕಂಪನಿಗಳು ಆ ಸಂಕೇತ ಹೊಂದುವ ಚಿತ್ರ ಕಂಡರೆ ತಡೆಯುತ್ತವೆ. ಚಿತ್ರವನ್ನು ಯಾರಿಗೂ ಕಳಿಸಬೇಕಿಲ್ಲ, ಯಾರೂ ನೋಡುವುದಿಲ್ಲ.

ಇವುಗಳಲ್ಲಿ ಯಾವುದೂ ಸುಲಭವಾಗಿ ಒಳಗೆ ಹೋಗಲಾಗದ ಒಂದು ಜಾಗ ವಾಟ್ಸಾಪ್ ಗ್ರೂಪು. ಮಲೆನಾಡಿನಲ್ಲಿ ಮಾತೆಲ್ಲ ನಡೆಯುವುದು ಅಲ್ಲೇ. ಅಡಿಕೆ ಧಾರಣೆಯ ಗ್ರೂಪು, ಕೇರಿಯ ಗ್ರೂಪು, ಹಳೆ ವಿದ್ಯಾರ್ಥಿಗಳ ಗ್ರೂಪು. ಸಂದೇಶಗಳು ಎನ್‌ಕ್ರಿಪ್ಟ್ ಆಗಿರುವುದರಿಂದ ಕಂಪನಿಗೆ ಏನೂ ಕಾಣುವುದಿಲ್ಲ. ಸದಸ್ಯರು ಹಾಕಿದ್ದಕ್ಕೆಲ್ಲ ಅಡ್ಮಿನ್ ಹೊಣೆ ಅಲ್ಲ ಅಂತ ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಹೊಣೆ ಇಲ್ಲದಿದ್ದರೂ ಅಧಿಕಾರ ಇದೆ. ಯಾರ ಮೆಸೇಜನ್ನಾದರೂ ಎಲ್ಲರಿಗೂ ಕಾಣದಂತೆ ಅಳಿಸಲು ಅಡ್ಮಿನ್‌ಗೆ ಬರುತ್ತದೆ. ಯಾರದೋ ಮನೆಯ ಹೆಣ್ಣುಮಗಳ ವಿಡಿಯೊ ಬಂದು ಬಿದ್ದಾಗ, ‘ಇದು ಧಾರಣೆ ಗ್ರೂಪು, ಇದನ್ನು ಇಲ್ಲಿ ಹಾಕಬೇಡಿ’ ಅಂತ ಒಂದು ಸಾಲು ಬರೆದು ಅಳಿಸಲು ಅರ್ಧ ನಿಮಿಷವೂ ಬೇಡ. ಅಡ್ಮಿನ್ ಸುಮ್ಮನಿದ್ದರೆ ಯಾವ ಸದಸ್ಯರಾದರೂ ರಿಪೋರ್ಟ್ ಒತ್ತಬಹುದು. ಆಗ ಗ್ರೂಪಿನ ಕೊನೆಯ 5 ಸಂದೇಶಗಳು ಕಂಪನಿಗೆ ಹೋಗುತ್ತವೆ. ಒತ್ತಿದವರು ಯಾರು ಅಂತ ಗ್ರೂಪಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.